ಅಪ್‌ಡೇಟ್: ಪಿನಿಯನ್ ಹಲ್ಲು ಮುರಿಯುತ್ತಿದ್ದುದಕ್ಕೆ ಕಾರಣ ಸಿಕ್ಕಿತು

20ಎಂಎನ್‌ಸಿಆರ್5 ಉಕ್ಕಿನ ಸಣ್ಣ ಪಿನಿಯನ್‌ಗಳ (ಚಿಕ್ಕ ಗೇರುಗಳ) ಹಲ್ಲುಗಳು ಕಾರ್ಬುರೈಸಿಂಗ್ (ಕುಲುಮೆಯಲ್ಲಿ ಮೇಲ್ಪದರಕ್ಕೆ ಇಂಗಾಲ ಇಳಿಸಿ ಗಡಸು ಮಾಡುವುದು) ಆದ ಮೇಲೆ ತುದಿಯಲ್ಲಿ ಮುರಿಯುತ್ತಿವೆ, ಗಡಸುತನವೋ ಸರಿಯಾಗಿಯೇ 60 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ತೋರಿಸುತ್ತಿದೆ ಎಂದು ಕೇಳಿದ್ದೆ. "ಒಂದನ್ನು ಅಡ್ಡಡ್ಡ ಕತ್ತರಿಸಿ ನೋಡಿ" ಎಂದವರಿಗೆ ಮನಸಾರೆ ಧನ್ಯವಾದ.

ಕತ್ತರಿಸಿ, ಪಾಲಿಶ್ ಮಾಡಿ, ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಹಚ್ಚಿದೆವು. ಇಂಗಾಲ ಇಳಿದ ಪದರ ಕಪ್ಪಾಗಿ ಎದ್ದು ಕಂಡಿತು. ಗೇರಿನ ಒಡಲಿನಲ್ಲಿ ತಿಳಿ ಬಣ್ಣದ ಮೆತ್ತನೆಯ ತಿರುಳು ಇತ್ತು. ಹಲ್ಲಿನಲ್ಲಿ ತಿರುಳೇ ಇಲ್ಲ, ತುದಿಯವರೆಗೂ ಕಪ್ಪು! ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1.5ರ ಹಲ್ಲು ನಡುವಿನಲ್ಲೇ ಸುಮಾರು 2.4 ಮಿ.ಮೀ. ದಪ್ಪ. ಎರಡೂ ಬದಿಯಿಂದ 1.2 ಮಿ.ಮೀ. ಪದರ ಇಳಿದರೆ ಉಳಿಯುವುದೇನು? ಇಡೀ ಹಲ್ಲು ಗಾಜಿನಂತೆ ಪೆಡಸು.

ಗ್ರಾಹಕರ ಡ್ರಾಯಿಂಗ್‌ನಲ್ಲಿ ಗಡಸುತನ ಮಾತ್ರ ಇತ್ತು, ಆಳದ ಉಲ್ಲೇಖವೇ ಇರಲಿಲ್ಲ. ಕುಲುಮೆಯವರು ದೊಡ್ಡ ಗೇರುಗಳ ಜೊತೆಗೇ ಇವನ್ನೂ 920 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟಿದ್ದರು. ಈಗ ಪದರದ ಆಳ 0.25ರಿಂದ 0.35 ಮಿ.ಮೀ. ಎಂದು ಬರೆಸಿದ್ದೇವೆ. ಎಣ್ಣೆಯಲ್ಲಿ ತಣಿಸಿದ ಕೂಡಲೇ 180 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರಿಂಗ್ (ಪೆಡಸುತನ ತಗ್ಗಿಸಲು ಮತ್ತೆ ಹದವಾಗಿ ಕಾಯಿಸುವುದು) ಕಡ್ಡಾಯ. ಮೇಲ್ಮೈ ಗಡಸುತನ ಇಳಿದಿಲ್ಲ, ಹೊಸ ಬ್ಯಾಚಿನ ಹಲ್ಲುಗಳು ಹೊಡೆತ ತಾಳುತ್ತಿವೆ.

ತಣಿಸುವಾಗ ಬೋರ್ (ಪಿನಿಯನ್‌ನ ನಡುವಿನ ತೂತು) ತುಸು ಅಂಡಾಕಾರವಾಗುವುದು ಮಾತ್ರ ಇನ್ನೂ ನಿಂತಿಲ್ಲ. ಪಿನಿಯನ್‌ಗಳನ್ನು ಮಲಗಿಸುವ ಬದಲು ಸರಳಿಗೆ ಪೋಣಿಸಿ ತೂಗುಹಾಕಿ ನೋಡುತ್ತಿದ್ದೇವೆ.