ಅಪ್‌ಡೇಟ್: ಅಲುಗಾಡುತ್ತಿದ್ದ ಅಡುಗೆಕೋಣೆಯ ಕಪಾಟು

ಹಲಗೆಗಳನ್ನು ಬೇಕಾದ ಎತ್ತರಕ್ಕೆ ಬದಲಿಸಬಹುದಾದ ನಮ್ಮ ಕಪಾಟು ಅಲುಗಾಡುತ್ತಿದೆ, ಒಂದು ಹಲಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಸಮೇತ ವಾಲಿದೆ, ಏನು ಮಾಡಲಿ ಎಂದು ಮಳೆಗಾಲದ ಆರಂಭದಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆ.

ಹಲಗೆ ವಾಲಿದ ಕಾರಣ ಬೇಗ ತಿಳಿಯಿತು. ಹಲಗೆಯನ್ನು ಹೊರುವ ಒಂದು ಪಿನ್ ಉಳಿದವುಗಳಿಗಿಂತ ಒಂದು ರಂಧ್ರ ಕೆಳಗಿತ್ತು, ಇನ್ನೊಂದು ಪ್ಲಾಸ್ಟಿಕ್ ಪಿನ್ ಭಾರಕ್ಕೆ ಬಾಗಿತ್ತು. ಕೆಳಗಿನಿಂದ ರಂಧ್ರಗಳನ್ನು ಎಣಿಸಿ, 5 ಮಿ.ಮೀ. ದಪ್ಪದ ಸ್ಟೀಲ್ ಪಿನ್‌ಗಳನ್ನು ಹಾಕಿದೆ.

ಅಲುಗಾಟ ನಿಲ್ಲಲು ಕಪಾಟನ್ನು ಗೋಡೆಗೆ ಬಿಗಿಯಬೇಕಿತ್ತು. ಕಷ್ಟ ಕೊಟ್ಟಿದ್ದು ಆ ಗೋಡೆ. ಕಾರವಾರದ ಎಷ್ಟೋ ಹಳೆಯ ಮನೆಗಳಂತೆ ನಮ್ಮದೂ ಚಿರೆಕಲ್ಲಿನದು. ಕಲ್ಲಿನೊಳಗೆಲ್ಲ ತೂತು. ನಾನು ಡ್ರಿಲ್ ಯಂತ್ರವನ್ನು ಹ್ಯಾಮರ್‌ಗೆ, ಅಂದರೆ ಬಡಿಯುತ್ತ ಕೊರೆಯುವ ವಿಧಾನಕ್ಕೆ, ಇಟ್ಟು ಕೊರೆದಾಗ ಕೆಂಪು ಪುಡಿ ಉದುರಿ ರಂಧ್ರ ಅಗಲವಾಯಿತು. ಸ್ಕ್ರೂ ಹಿಡಿದು ನಿಲ್ಲಲು ರಂಧ್ರದೊಳಗೆ ಹಾಕಿದ ಸಣ್ಣ ಪ್ಲಗ್ ಬೆರಳಿನಿಂದ ಎಳೆದರೂ ಹೊರಬಂತು. ಆಮೇಲೆ ಬಂದ ಆಚಾರಿಯವರು ಹ್ಯಾಮರ್ ನಿಲ್ಲಿಸಿ ಬೇರೆಡೆ ನಿಧಾನವಾಗಿ ಕೊರೆದರು, ಪುಡಿಯನ್ನು ಪೂರ್ತಿ ಊದಿ ತೆಗೆದರು, ಗಿಲಾವನ್ನು ದಾಟಿ ಕಲ್ಲಿನೊಳಕ್ಕೆ ಹೋಗುವ ಉದ್ದದ ಪ್ಲಗ್ ಕೂರಿಸಿದರು. ಕಪಾಟಿನ ಮೇಲಂಚನ್ನು ಎರಡು ಎಲ್ ಆಕಾರದ ಪಟ್ಟಿಗಳಿಂದ ಗೋಡೆಗೆ ಬಿಗಿದರು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕೆಂದು ನಾನು ಹಟ ಹಿಡಿದೆ. ಈ ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಭರಣಿಗಳೆಲ್ಲ ಈಗ ಕೆಳಗಿನ ಹಲಗೆಯಲ್ಲಿವೆ. ಮಗಳು ಕಪಾಟು ಹಿಡಿದು ನಿಂತರೂ ಎದೆ ಝಲ್ಲೆನ್ನುವುದಿಲ್ಲ. ಉದ್ದನೆಯ ನಡುಹಲಗೆ ಮಾತ್ರ ತುಸು ಬಗ್ಗಿದೆ. ಮಳೆ ನಿಂತ ಮೇಲೆ ಅದರ ಕೆಳಗೆ ಸಾಗುವಾನಿಯ ರೀಪು ಹೊಡೆಸುತ್ತೇನೆ.