‘ಸೆಲ್ ಲೈನ್’: ಕೋಶರೇಖೆಯೋ, ಕೋಶತಳಿಯೋ?

ಪ್ರಶ್ನೆ

ನಮಸ್ಕಾರ. ಪರಾವಲಂಬಿ ರೋಗಗಳ ಪತ್ತೆಗೆ ಬೇಕಾಗುವ ಪ್ರತಿಕಾಯಗಳ ತಯಾರಿಕೆ ಕುರಿತ ಬಿ.ಎಸ್ಸಿ. ಪಾಠವೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಹೀಗಿದೆ: “ಹೈಬ್ರಿಡೋಮಾ ಕೋಶರೇಖೆಗಳು ಪರಾವಲಂಬಿಗಳ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಉತ್ಪಾದಿಸುತ್ತವೆ.” ಹೈಬ್ರಿಡೋಮಾ ಎಂದರೆ ಪ್ರತಿಕಾಯ ಮಾಡುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು ಪಡೆದ ಸಂಕರ ಕೋಶ. ‘ಸೆಲ್ ಲೈನ್’ಗೆ ಕೋಶರೇಖೆ ಸರಿಯೇ? ಕ್ಲೋನ್, ಲೈನ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಬಹುದೇ? ಇಂಥ ಕೋಶಗಳಿಗೂ ಅವುಗಳ ಪ್ರತಿಕಾಯಗಳಿಗೂ ಇರುವ 3ಡಿ11, ಓಜಿ4ಸಿ3 ಎಂಬ ಹೆಸರುಗಳನ್ನು ಏನು ಮಾಡಲಿ?

ಉತ್ತರ 1

ರೇಖೆ ಬೇಡ. ಇಲ್ಲಿ ಲೈನ್ ಎಂದರೆ ಗೆರೆಯಲ್ಲ, ವಂಶ. ಕೋಶತಳಿ ಎನ್ನಿ. ಗಂಡು ಹೆಣ್ಣು ಕೂಡಿಸಿ ಪಡೆದದ್ದಷ್ಟೇ ತಳಿ ಎಂದು ಯಾರಾದರೂ ತಕರಾರು ತೆಗೆದರೆ ನಂಜನಗೂಡು ರಸಬಾಳೆಯನ್ನು ತೋರಿಸಿ. ಅದೂ ತಳಿಯೇ, ಮುಂದುವರಿಯುವುದು ಮಾತ್ರ ಕಂದಿನಿಂದ.

ಆದರೆ ಯಾವ ಹಂತದಿಂದ ತಳಿ ಎನ್ನಬೇಕು ಎಂಬುದರಲ್ಲಿ ಎಚ್ಚರ ಬೇಕು. ಪರಾವಲಂಬಿಯ ಪ್ರೋಟೀನ್ ಚುಚ್ಚಿದ ಬಾಲ್ಬ್/ಸಿ ಎಂಬ ಪ್ರಯೋಗಾಲಯ ತಳಿಯ ಇಲಿಯ ಗುಲ್ಮದಿಂದ (ಸ್ಪ್ಲೀನ್) ಕೋಶಗಳನ್ನು ತೆಗೆದು, ಎಸ್‌ಪಿ2/0ನಂಥ ಮೈಲೋಮಾ ಎಂಬ ಕ್ಯಾನ್ಸರ್ ಕೋಶಗಳ ಜೊತೆ ಬೆರೆಸುತ್ತಾರೆ. ಅದರ ಮೇಲೆ ಶೇ 50ರ ಪಾಲಿಎಥಿಲೀನ್ ಗ್ಲೈಕಾಲನ್ನು ಸುಮಾರು 1 ಮಿ.ಲೀ.ನಷ್ಟು, ಒಂದು ನಿಮಿಷದ ಅವಧಿಯಲ್ಲಿ ಹನಿಹನಿಯಾಗಿ ಬಿಟ್ಟು ಬೆಸೆಯುತ್ತಾರೆ. ಅದು ಕೋಶಕ್ಕೆ ವಿಷವೂ ಹೌದು. ಬೇಗ ತೆಳುವಾಗಿಸದಿದ್ದರೆ ಬೆಸೆದವೂ ಸಾಯುತ್ತವೆ. ಮುಂದೆ, ಬೆಸೆದ ಕೋಶಗಳನ್ನಷ್ಟೇ ಉಳಿಸುವ ಹ್ಯಾಟ್ ಮಾಧ್ಯಮ: ಹೈಪೋಕ್ಸಾಂಥೀನ್ 100, ಅಮೈನೋಪ್ಟೆರಿನ್ 0.4, ಥೈಮಿಡಿನ್ 16 ಮೈಕ್ರೋಮೋಲಾರ್. ಬೆಸೆಯದ ಮೈಲೋಮಾ ಕೋಶಕ್ಕೆ ಎಚ್‌ಜಿಪಿಆರ್‌ಟಿ ಕಿಣ್ವವಿಲ್ಲ, ಇದರಲ್ಲಿ ಬದುಕದು. ಬೆಸೆಯದ ಗುಲ್ಮಕೋಶಗಳು ಕೆಲವು ದಿನಗಳಲ್ಲಿ ತಾವಾಗಿಯೇ ಸಾಯುತ್ತವೆ.

10ರಿಂದ 14 ದಿನಕ್ಕೆ 96 ಕುಳಿಗಳ ತಟ್ಟೆಯಲ್ಲಿ ಕೆಲವು ಕುಳಿಗಳ ಕೆಂಪು ದ್ರವ ಹಳದಿಗೆ ತಿರುಗುತ್ತದೆ. ಅಲ್ಲಿ ಕೋಶ ಚೆನ್ನಾಗಿ ಬೆಳೆದು ಆಮ್ಲ ಬಿಟ್ಟಿದೆ ಎಂದರ್ಥ. ಮೇಲಿನ ದ್ರವ ತೆಗೆದು ಬೇಕಾದ ಪ್ರತಿಕಾಯವಿದೆಯೇ ಎಂದು ತಿಳಿಯುವ ಎಲೈಸಾ ಪರೀಕ್ಷೆ ಮಾಡುತ್ತಾರೆ. ಚುಚ್ಚಿದ ಪ್ರೋಟೀನ್ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾಗಿ, ಶುದ್ಧೀಕರಣಕ್ಕೆಂದು ಜೋಡಿಸಿದ ಹಿಸ್ಟಿಡಿನ್ ಬಾಲ ಹೊತ್ತಿದ್ದರೆ, ಅದೇ ಬಾಲವಿರುವ ಬೇರೊಂದು ಪ್ರೋಟೀನಿನ ಮೇಲೂ ಪರೀಕ್ಷಿಸಲೇಬೇಕು. ಇಲ್ಲದಿದ್ದರೆ ಬಾಲಕ್ಕೋ ಇ. ಕೋಲೈ ಕಲ್ಮಶಕ್ಕೋ ಅಂಟುವ ಪ್ರತಿಕಾಯವನ್ನು ಪರಾವಲಂಬಿಯದೆಂದು ತಿಂಗಳುಗಟ್ಟಲೆ ಸಾಕಬೇಕಾಗುತ್ತದೆ.

ಈ ಹಂತದ ಕುಳಿಯಲ್ಲಿರುವುದನ್ನು ತಳಿ ಎನ್ನಬಾರದು, ‘ಸಂಕರ ಕೋಶಗಳ ಗುಂಪು’ ಸಾಕು. ಒಂದೇ ಕುಳಿಯಲ್ಲಿ ಎರಡು ಮೂರು ಬಗೆಯ ಕೋಶಗಳಿರಬಹುದು. ಬೆಸೆದ ಕೋಶ ಕ್ರೋಮೋಸೋಮುಗಳನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ; ಪ್ರತಿಕಾಯ ಸ್ರವಿಸುವುದನ್ನು ನಿಲ್ಲಿಸಿದವು ಹೆಚ್ಚಾಗಿ ಬೇಗ ಬೆಳೆದು ಉಳಿದವನ್ನು ಮೂಲೆಗೊತ್ತುತ್ತವೆ. ಹಾಗಾಗಿ ಕುಳಿಗೆ ಸರಾಸರಿ 0.5 ಕೋಶ ಬೀಳುವಂತೆ ತೆಳುಮಾಡಿ ಹಂಚುತ್ತಾರೆ. ಲೆಕ್ಕದ ಪ್ರಕಾರ ನೂರರಲ್ಲಿ 61 ಕುಳಿ ಖಾಲಿ, 30ರಲ್ಲಿ ಒಂದೇ ಕೋಶ, 9ರಲ್ಲಿ ಒಂದಕ್ಕಿಂತ ಹೆಚ್ಚು. ಅಂದರೆ ಕೋಶ ಬಿದ್ದ ಕುಳಿಗಳಲ್ಲೂ ಕಾಲುಭಾಗಕ್ಕೆ ಹತ್ತಿರ ಬೆರಕೆ! ಅದಕ್ಕೇ ಇದನ್ನು ಕನಿಷ್ಠ ಎರಡು ಸಲ ಮಾಡುವುದು. ಹೀಗೆ ಒಂಟಿ ಕೋಶದಿಂದ ಬಂದದ್ದು ಕ್ಲೋನ್, ಕನ್ನಡದಲ್ಲಿ ತದ್ರೂಪಿ. ಅದನ್ನು ಶೇ 10ರ ಡಿಎಂಎಸ್‌ಒ ಎಂಬ, ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ದ್ರವ ಬೆರೆಸಿದ ಸೀರಮ್ಮಿನಲ್ಲಿ ಹಂತಹಂತವಾಗಿ ತಣಿಸಿ ದ್ರವ ಸಾರಜನಕದಲ್ಲಿಟ್ಟು, ಮತ್ತೆ ಕರಗಿಸಿ ಬೆಳೆಸಿದಾಗಲೂ ಅದೇ ಪ್ರತಿಕಾಯ ಬಂದು, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿಲ್ಲವೆಂದು ಖಾತ್ರಿಯಾದರೆ ಆಗ ಕೋಶತಳಿ. ಎಷ್ಟೋ ತದ್ರೂಪಿಗಳು ಅಲ್ಲಿಯವರೆಗೆ ಬರುವುದೇ ಇಲ್ಲ.

ಹೆಸರುಗಳನ್ನು ಇದ್ದಂತೆಯೇ ಬಿಡಿ. ರೂಢಿಯಲ್ಲಿ 3ಡಿ11, 4ಸಿ3ರಂಥವು ಕುಳಿಯ ವಿಳಾಸ. 3ಡಿ11 ಎಂದರೆ ತಟ್ಟೆ 3, ಡಿ ಸಾಲು, 11ನೇ ಕಂಬ. ‘3ಡಿ’ ಕಂಡು ಮೂರು ಆಯಾಮ ಎಂದು ಯಾರಾದರೂ ಅನುವಾದಿಸಿಯಾರು, ನೋಡಿಕೊಳ್ಳಿ.

ಉತ್ತರ 2

ಕೋಶತಳಿಗೆ ನನ್ನ ಒಪ್ಪಿಗೆಯಿದೆ. ನನ್ನ ಆಕ್ಷೇಪ ‘ವಿರುದ್ಧ ಹೋರಾಡುವ’ ಎಂಬುದಕ್ಕೆ. 1980ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನುಸೆನ್ಸ್‌ವೈಗ್ ದಂಪತಿಯ ತಂಡ ವರದಿ ಮಾಡಿದ 3ಡಿ11 ಇಲಿಗಳನ್ನು ಇಲಿ ಮಲೇರಿಯಾದಿಂದ ಕಾಪಾಡಿತು ನಿಜ. ಓಜಿ4ಸಿ3 ಹಾಗಲ್ಲ, ಅದು ರಕ್ತದಲ್ಲಿ ತೇಲುವ ಆನೆಕಾಲು ಹುಳುವಿನ ಪ್ರತಿಜನಕವನ್ನು (ಪ್ರತಿಕಾಯ ಗುರುತಿಸಿ ಅಂಟುವ ವಸ್ತು) ಹಿಡಿದು ತೋರಿಸುವುದಕ್ಕೆ ಮಾತ್ರ. ಈ ಪ್ರತಿಜನಕ ಹಗಲಲ್ಲೂ ಸಿಗುವುದರಿಂದ ಪರೀಕ್ಷೆಗೆ ನಡುರಾತ್ರಿ ರಕ್ತ ತೆಗೆಯಬೇಕಿಲ್ಲ. ಕಲಬುರಗಿ, ಬೀದರ್ ಕಡೆ ರಾತ್ರಿ ರಕ್ತಲೇಪನ ಸಮೀಕ್ಷೆ ನೋಡಿದವರಿಗೆ ಇದು ಎಷ್ಟು ಅನುಕೂಲವೆಂದು ಗೊತ್ತು. ಅಷ್ಟೇ ಅಲ್ಲ, ಅದನ್ನು ಪಡೆದದ್ದು ದನಗಳ ಹುಳು ಆಂಕೊಸರ್ಕಾ ಗಿಬ್ಸೋನಿಯ ಪ್ರತಿಜನಕದಿಂದ! ‘ಆನೆಕಾಲು ಹುಳುವಿನ ವಿರುದ್ಧ ಬೆಳೆಸಿದ’ ಎಂದರೂ ತಪ್ಪಾಗುತ್ತದೆ.

‘ಉತ್ಪಾದಿಸು’ ಬದಲು ‘ಸ್ರವಿಸು’ ಇರಲಿ. ನನ್ನ ತಿದ್ದುಪಡಿ: “ಒಂದೊಂದು ಹೈಬ್ರಿಡೋಮಾ ಕೋಶತಳಿಯೂ ಪರಾವಲಂಬಿಯ ಯಾವುದಾದರೊಂದು ಪ್ರತಿಜನಕಕ್ಕೆ ಅಂಟುವ ಒಂದೇ ಬಗೆಯ ಪ್ರತಿಕಾಯವನ್ನು ಸ್ರವಿಸುತ್ತದೆ.”