ಕೆಲಸ ಬೇರೆ ಥರ ಹಂಚಲೋ, ಸ್ವಭಾವ ನೋಡಿ ಜನರನ್ನು ಹಾಕಲೋ?

ಪ್ರಶ್ನೆ: ಬಿಲ್ ಪರಿಶೀಲನೆ ತಂಡ, ಎಂಟು ಜನ. ಸಂಬಳದ ತಕರಾರಿಲ್ಲ. ಆದರೂ ವೃತ್ತಿಯಲ್ಲಿ ನಿಂತಲ್ಲೇ ನಿಂತಿದ್ದೇವೆ ಅನ್ನೋ ಕೊರಗು. ಮಾಡಿ ನೋಡಿದವರು ಹೇಳಿ.

ಲೆಕ್ಕಿಗ: ಮೊದಲು ಅಳೆಯಿರಿ. ಕೆಲಸ ತಾನೇ ಎಷ್ಟು ಹುಮ್ಮಸ್ಸು ಕೊಡುತ್ತೆ ಅಂತ ಅಳೆಯೋ ಹ್ಯಾಕ್‌ಮನ್–ಓಲ್ಡ್‌ಹ್ಯಾಮ್ ಸೂತ್ರ: ಕೌಶಲ ವೈವಿಧ್ಯ, ಕೆಲಸದ ಪೂರ್ಣತೆ, ಮಹತ್ವ ಮೂರಕ್ಕೂ 1ರಿಂದ 7ರೊಳಗೆ ಅಂಕ ಪಡೆದು ಸರಾಸರಿ ತೆಗೆಯಿರಿ, ಅದನ್ನು ಸ್ವಾತಂತ್ರ್ಯ, ಫೀಡ್‌ಬ್ಯಾಕ್ ಎರಡರಿಂದಲೂ ಗುಣಿಸಿ. ಗರಿಷ್ಠ 343. ಸರಾಸರಿ 6, ಫೀಡ್‌ಬ್ಯಾಕ್ 5 ಇದ್ದೂ ಸ್ವಾತಂತ್ರ್ಯ 1 ಆದರೆ ಸಿಗೋದು 30. ಸ್ವಾತಂತ್ರ್ಯ 4ಕ್ಕೇರಿದರೆ 120. ಕೆಲಸ ಬದಲಿಸೋವಾಗ ಎಲ್ಲರೂ ಮಾಡೋದು ಮಾತ್ರ ಬಿಲ್ ಜೊತೆ ಫೈಲಿಂಗ್, ಫೈಲಿಂಗ್ ಜೊತೆ ಫೋನ್! ಬೇಸರದ ಕೆಲಸಕ್ಕೆ ಇನ್ನೊಂದು ಬೇಸರದ ಕೆಲಸ ಕೂಡಿಸೋದನ್ನು ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1968ರಲ್ಲೇ ಖಂಡಿಸಿದ್ದರು. ಒಬ್ಬೊಬ್ಬರಿಗೆ ಒಂದಿಷ್ಟು ಗ್ರಾಹಕರನ್ನು ಪೂರ್ತಿ ಒಪ್ಪಿಸಿ, ಬಿಲ್ ಬಂದಲ್ಲಿಂದ ಪಾವತಿವರೆಗೆ. ತಪ್ಪಿನ ವರದಿ ನೇರ ಅವರ ಕೈಗೇ ಹೋಗಲಿ. ಎಷ್ಟು ಮೊತ್ತದವರೆಗೆ ತಾವೇ ಸಹಿ ಹಾಕಬಹುದು ಅಂತ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಲ್ಲಿ ಕೊಟ್ಟ ಅಧಿಕಾರ ಮೊದಲ ತಪ್ಪಿಗೇ ವಾಪಸ್ ಹೋಗುತ್ತೆ.

ನೇಮಕಾತಿ: ಸೂತ್ರ ಸರಿ, ಕುರ್ಚಿ ಮೇಲಿರೋ ಮನುಷ್ಯ ಎಲ್ಲಿ? ಜಡ್ಜ್, ಹೆಲರ್, ಮೌಂಟ್ ಅನ್ನೋ ಸಂಶೋಧಕರು 2002ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದಾರೆ. ಕೆಲಸದ ತೃಪ್ತಿ ಜೊತೆಗಿನ ಸಹಸಂಬಂಧ (0 ಅಂದರೆ ನಂಟಿಲ್ಲ, 1 ಅಂದರೆ ಪೂರ್ತಿ ನಂಟು, ಮೈನಸ್ ಅಂದರೆ ಉಲ್ಟಾ ನಂಟು) ಆತಂಕದ ಸ್ವಭಾವಕ್ಕೆ −0.29, ಶಿಸ್ತಿಗೆ 0.26, ಬಹಿರ್ಮುಖತೆಗೆ 0.25. ಹೊಸತನದ ಒಲವಿಗೆ ಬರೀ 0.02.

ಲೆಕ್ಕಿಗ: 0.29ರ ವರ್ಗ ಮಾಡಿ. ತೃಪ್ತಿಯ ಏರುಪೇರಲ್ಲಿ ಆ ಸ್ವಭಾವದ ಪಾಲು ಶೇ. 8 ಚಿಲ್ಲರೆ. ಅಷ್ಟಕ್ಕೆ ಜನರನ್ನು ಜರಡಿ ಹಿಡೀತೀರಾ?

ನೇಮಕಾತಿ: ಜರಡಿ ಅಂದವರ್ಯಾರು? ನಿಮ್ಮದೇ ಸೂತ್ರದವರು ‘ಬೆಳೆಯುವ ಹಂಬಲ’ ಅಂತ ಒಂದು ಷರತ್ತು ಇಟ್ಟಿದ್ದಾರೆ, ಅದನ್ನು ನುಂಗಿದ್ದೀರಿ. ಹಂಬಲ ಕಡಿಮೆ ಇರೋರಿಗೆ ಸಹಿ ಅಧಿಕಾರ ಬರೀ ಹೊರೆ. ಆತಂಕದವರಿಗೆ ಮೊದಲು ಸಣ್ಣ ಮೊತ್ತ, ಜೊತೆಗೊಬ್ಬ ಅನುಭವಸ್ಥರು; ಮಿತಿ ಏರಿಸೋದು ಆಮೇಲೆ.

ಪಾಳಿ ಮೇಸ್ತ್ರಿ: ಇಬ್ಬರೂ ಕೇಳಿದ್ದನ್ನೇ ಬಿಟ್ಟು ಜಗಳಕ್ಕೆ ಇಳಿದಿದ್ದೀರಿ. ಅವರು ಕೇಳಿದ್ದು ವೃತ್ತಿ ತೃಪ್ತಿ, ನಿಮ್ಮ ಅಂಕಿಗಳು ಕೆಲಸದ ತೃಪ್ತಿಯವು. ವೃತ್ತಿ ತೃಪ್ತಿ ಅಳೆಯೋಕೆ ಸಂಶೋಧಕ ಗ್ರೀನ್‌ಹೌಸ್ ಮತ್ತು ಸಂಗಡಿಗರ 1990ರ ಐದು ಪ್ರಶ್ನೆ ಕೇಳಿ: ಈವರೆಗಿನ ಸಾಧನೆ, ಒಟ್ಟು ಗುರಿಯತ್ತ ಪ್ರಗತಿ, ಆದಾಯ, ಬಡ್ತಿ, ಹೊಸ ಕೌಶಲ. ಆದಾಯಕ್ಕೆ ಒಳ್ಳೆ ಅಂಕ, ಬಡ್ತಿ–ಕೌಶಲಕ್ಕೆ ಕಡಿಮೆ ಬಂದರೆ ಗ್ರಾಹಕರನ್ನು ಹಂಚಿದ್ದರಿಂದಷ್ಟೇ ಕೊರಗು ಹೋಗಲ್ಲ. ಮುಂದಿನ ಹುದ್ದೆಯ ಒಂದು ಕೆಲಸವನ್ನು ಈಗಿನ ವಾರದೊಳಗೇ ಸೇರಿಸಿ, ಅಷ್ಟೇ ಹೊತ್ತಿನ ಹಳೇ ಕೆಲಸ ತೆಗೆದುಹಾಕಿ.

ಲೆಕ್ಕಿಗ: ತೆಗೆದದ್ದನ್ನು ಮಾಡೋರ್ಯಾರು? ಅದನ್ನೂ ಹೇಳಿ.

ಪಾಳಿ ಮೇಸ್ತ್ರಿ: ಎರಡೆರಡು ಸಲ ನಡೆಯೋ ಪರಿಶೀಲನೆಯನ್ನು ಮೊದಲು ನಿಲ್ಲಿಸಿ. ಸಹಿ ಅಧಿಕಾರ ಕೊಟ್ಟ ಮೇಲೂ ಅದೇ ಬಿಲ್ ಮೇಲಿನವರ ಮೇಜಿಗೆ ಹೋಗ್ತಿದ್ದರೆ, ನೀವು ಕೊಟ್ಟಿರೋದು ಅಧಿಕಾರ ಅಲ್ಲ.